ಮಾಳಿಗೆ ಸೋರುವುದು ಬಿಸಿಲಿಗೆ

(ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜು. ಕೆಳಗೆ ಅಂಗಡಿ ಸಾಲು, ಮೇಲೆ ಎರಡು ಅಂತಸ್ತು ಕೋಣೆಗಳು. ಮಾರ್ಚ್ ತಿಂಗಳು. ತಾರಸಿಯ ಮೇಲೆ ಲಾಡ್ಜಿನ ಒಡತಿ ಮತ್ತು ವಯಸ್ಸಾದ ಗಾರೆ ಮೇಸ್ತ್ರಿ.)

ಒಡತಿ: ಮೂರು ಜನ ಬಂದು ನೋಡಿ ಹೋದರು ಅಣ್ಣ. ಮೂವರದೂ ಮೂರು ಮಾತು. ಒಬ್ಬ ಕಪ್ಪು ಶೀಟು ಸುಟ್ಟು ಅಂಟಿಸಿಬಿಡ್ತೀನಿ, ವಾರದ ಕೆಲಸ ಅಂದ. ಇನ್ನೊಬ್ಬ ಪೈಪು ನಿಲ್ಲಿಸಿ ಮೇಲೆ ತಗಡು ಹಾಕಿಸಿ, ಜನ್ಮದಲ್ಲಿ ಸೋರಲ್ಲ ಅಂದ. ಮೂರನೆಯವನು ಹಳೇ ಗಾರೆ ಪೂರ್ತಿ ಕಿತ್ತು ಪದರ ಪದರವಾಗಿ ಕಟ್ಟಬೇಕು ಅಂತ ಉದ್ದದ ಪಟ್ಟಿ ಕೊಟ್ಟಿದ್ದಾನೆ. ಅವನ ಲೆಕ್ಕ ಮೊದಲನೆಯವನ ಎರಡರಷ್ಟು. ಇದರಲ್ಲಿ ಯಾವುದನ್ನು ಆರಿಸಲಿ?

ಮೇಸ್ತ್ರಿ: ಅದು ಆಮೇಲೆ. ಸೋರೋದು ಯಾವಾಗ, ಎಲ್ಲಿ? ಅದು ಹೇಳ್ರಿ ಅಮ್ಮಾರ.

ಒಡತಿ: ಮಳೆ ಬಂದಾಗ. ಮತ್ಯಾವಾಗ?

ಮೇಸ್ತ್ರಿ: ಯಾವ ಮಳೆಗೆ? ಬ್ಯಾಸಿಗಿ ಅಡ್ಡಮಳೆಗೋ, ಶ್ರಾವಣದ ಜಿಟಿಜಿಟಿಗೋ?

ಒಡತಿ: ಅಡ್ಡಮಳೆಗೇ. ಮೇ ತಿಂಗಳಲ್ಲಿ ಗಾಳಿ ಗುಡುಗು ಬಂದು ಅರ್ಧ ಗಂಟೆ ಹೊಡೆದರೆ ಮೇಲಿನ ಅಂತಸ್ತಿನ ಕೋಣೆಗಳಲ್ಲಿ ಬಕೆಟ್ ಇಡಬೇಕು. ಆಗಸ್ಟಿನಲ್ಲಿ ದಿನವಿಡೀ ಹನಿದರೂ ಅಷ್ಟು ಸೋರೋದಿಲ್ಲ. ಅದೇ ವಿಚಿತ್ರ.

ಮೇಸ್ತ್ರಿ: ವಿಚಿತ್ರ ಏನಿಲ್ಲ. ನಿಮ್ಮ ಮಾಳಿಗೆ ಸೋರೋದು ಬಿಸಿಲಿಗೆ.

ಒಡತಿ: ಬಿಸಿಲಿಗೆ ಸೋರೋ ಮಾಳಿಗೆ ನಾನು ಕೇಳಿಲ್ಲ.

ಮೇಸ್ತ್ರಿ: ನಮ್ಮ ಕಡೆ ಮಳೆ ಎಷ್ಟು ಹೇಳ್ರಿ? ವರ್ಷಕ್ಕ 60 ಸೆಂಟಿಮೀಟರ್, ಆಚೆ ಈಚೆ. ಆಗುಂಬೆಯವರು ಕೇಳಿದ್ರ ನಗ್ತಾರ. ಆ ಮಳೆನೂ ಕೆಲವು ವಾರ. ಉಳಿದ ದಿನ ಎಲ್ಲಾ ಈ ತಾರಸಿ ಮ್ಯಾಲೆ ಬೀಳೋದು ಬಿಸಿಲು. ಏಪ್ರಿಲ್, ಮೇದಾಗ ನೆರಳಿನಾಗೇ 40 ಡಿಗ್ರಿ. ಈ ಮಾಸಿದ ಸಿಮೆಂಟ್ ಮೈ ಮಧ್ಯಾಹ್ನಕ್ಕ 60ರ ಹತ್ತಿರ ಹೋಗ್ತೈತಿ. ಕಪ್ಪು ಬಳಿದ್ರ 70. ರಾತ್ರಿ ಮತ್ತ 30ರ ಕೆಳಗ ಇಳೀತೈತಿ. ನಿಮ್ಮ ಕಟ್ಟಡ ಉದ್ದ ಎಷ್ಟು?

ಒಡತಿ: ನೂರು ಅಡಿ.

ಮೇಸ್ತ್ರಿ: 30 ಮೀಟರ್ ಅನ್ರಿ. ಹಿಂದಕ್ಕ ಸರ್ಕಾರಿ ಕ್ವಾರ್ಟರ್ಸ್ ಕೆಲಸದಾಗ ಒಬ್ರು ಇಂಜಿನಿಯರ್ ಸಾಹೇಬ್ರು ನೆಲದ ಮ್ಯಾಲೆ ಸೀಮೆಸುಣ್ಣದಾಗ ಬರೆದು ತೋರಿಸಿದ್ರು. 30 ಮೀಟರ್ ಸ್ಲ್ಯಾಬು 30 ಡಿಗ್ರಿ ಬಿಸಿ ಏರಿದ್ರ ಸುಮಾರು 9 ಮಿಲಿಮೀಟರ್ ಹಿಗ್ಗತೈತಿ. ರಾತ್ರಿ ಮತ್ತ ಅಷ್ಟೇ ಕುಗ್ಗತೈತಿ. ದಿನಾ ನಡಿಯೋ ಕೆಲಸ ಅದು. ಮ್ಯಾಲಿರೋ ಒಂದಿಂಚು ಗಾರೆಗೆ ಆ ಜಗ್ಗಾಟ ತಡಿಯೋ ಶಕ್ತಿ ಇಲ್ಲ, ಸೀಳ್ತೈತಿ. ಇನ್ನ ಮೇ ತಿಂಗಳ ಅಡ್ಡಮಳೆ ಬರೋದು ಸಂಜೆ ನಾಕಕ್ಕ, ಐದಕ್ಕ. ಕಾದು ಕೆಂಡ ಆಗಿರೋ ಮೈ ಮ್ಯಾಲೆ ತಣ್ಣೀರು. ಹತ್ತು ನಿಮಿಷದಾಗ ಮೇಲ್ಮೈ ಕುಗ್ಗಿ ಎಲ್ಲಾ ಸೀಳೂ ಬಾಯಿ ತೆರೀತಾವ. ಅದೇ ಹೊತ್ತಿಗೆ ನೀರೂ ಹರೀತಿರ್ತೈತಿ. ಆಗಸ್ಟಿನಾಗ ಆ ಕಾವು ಇರಲ್ಲ, ಅದಕ್ಕ ಸೋರೋದು ಕಡಿಮೆ.

ಒಡತಿ: ಅಂದರೆ ನೀರು ಬಿಡದ ವಸ್ತು ಹಾಕಿದರೆ ಸಾಲದು ಅಂತೀರಿ.

ಮೇಸ್ತ್ರಿ: ನೀರು ಬಿಡದ ವಸ್ತು ಪ್ಯಾಟೆ ತುಂಬ ಅದಾವ. ಆ ವಸ್ತುವನ್ನ ಬಿಸಿಲಿನಿಂದ ಕಾಯೋದು ಯಾವುದು? ಅದನ್ನ ಯಾರೂ ಬರಿಯಲ್ಲ. ನಿಮ್ಮ ಕೈಯಾಗಿನ ಕಾಗದ ನೋಡ್ರಿ, ಮೊದಲನೆಯವನು ಬರೆದಿದಾನೇನು?

ಒಡತಿ: “ಎಪಿಪಿ ಮೆಂಬ್ರೇನ್, 3 ಎಂ.ಎಂ., ಗ್ಯಾಸ್ ಟಾರ್ಚ್‌ನಿಂದ ಅಂಟಿಸುವುದು.” ಅಷ್ಟೇ. ಆಮೇಲೆ ಹತ್ತು ವರ್ಷ ಗ್ಯಾರಂಟಿ. ಕೆಳಗೆ ಸಣ್ಣಕ್ಷರದಲ್ಲಿ, ಹವಾಮಾನದಿಂದ ಆದ ಹಾನಿಗೆ ಅನ್ವಯಿಸುವುದಿಲ್ಲ ಅಂತ ಇದೆ.

ಮೇಸ್ತ್ರಿ: ಹೊಸಪೇಟೆಯಾಗ ಹವಾಮಾನ ಬಿಟ್ಟು ಮಾಳಿಗೆಗೆ ಇನ್ನೇನು ಹಾನಿ ಮಾಡ್ತೈತಿ ಕೇಳ್ರಿ ಅವರನ್ನ. ಡಾಂಬರು ಮೆತ್ತಗಿರೋದು ಒಳಗಿನ ಎಣ್ಣೆ ಅಂಶದಿಂದ. ಬಿಸಿಲಿಗೆ ಆ ಎಣ್ಣೆ ಹಾರ್ತೈತಿ, ಗಾಳಿ ಸೇರಿ ಗಟ್ಟಿ ಆಗ್ತೈತಿ. ನಾಕೈದು ಬ್ಯಾಸಿಗಿ ಕಳೆಯೋದ್ರಾಗ ಬತ್ತಿದ ಕೆರೆ ಅಂಗಳದಂಗ ಬಿರುಕು ಬಿಡ್ತೈತಿ. ಆವಾಗ ಕಪ್ಪು ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ಬರೀ ಮೈಯ ಕಪ್ಪು ಶೀಟು ಈ ಊರಾಗ ದುಡ್ಡು ಸುಡೋ ಕೆಲಸ.

ಒಡತಿ: ಹಾಗಾದರೆ ಮೂರನೆಯವನ ಪದರ ಪದರದ ಲೆಕ್ಕವೇ ಸರಿಯೇ? ಅಮೆರಿಕದಲ್ಲಿ ದೊಡ್ಡ ಮಳಿಗೆ, ಕಾರ್ಖಾನೆಗಳಿಗೆಲ್ಲ ಇದನ್ನೇ ಹಾಕ್ತಿದ್ದರಂತೆ. ನನ್ನ ಮಗ ಓದಿ ಹೇಳಿದ. 19ನೇ ಶತಮಾನದ ನಡುವೆ ಶುರುವಾದದ್ದು. ಕಾಗದಕ್ಕೆ ಟಾರು ಬಳಿದು, ಹಾಸಿ, ಮತ್ತೆ ಟಾರು, ಮತ್ತೆ ಕಾಗದ, ಕೊನೆಗೆ ಜಲ್ಲಿ. ಬಿಲ್ಟ್-ಅಪ್ ರೂಫ್ ಅಂತ ಹೆಸರು.

ಮೇಸ್ತ್ರಿ: ಅಮೆರಿಕದವರು 19ನೇ ಶತಮಾನದಾಗ ಶುರು ಮಾಡಿದ್ರೇನು? ನಮ್ಮಪ್ಪ ಕಂಪ್ಲಿ ಕಡೆ ಹಳ್ಳಿಗಳಾಗ ಹಾಕ್ತಿದ್ದದ್ದು ಮತ್ತೇನು? ತೊಲೆ ಮ್ಯಾಲೆ ಜಂತಿ. ಜಂತಿ ಮ್ಯಾಲೆ ಕಟ್ಟಿಗೆ ಸೀಳು ಒತ್ತೊತ್ತಾಗಿ. ಅದರ ಮ್ಯಾಲೆ ಬೇವಿನ ಸೊಪ್ಪೋ ಬಂದರೆ ಸೊಪ್ಪೋ ದಪ್ಪಗ ಹಾಸೋದು. ಆಮೇಲೆ ಹುಲ್ಲು ಕಲಸಿದ ಕೆಸರು, ಮತ್ತ ಮಣ್ಣು. ಎಲ್ಲಕ್ಕಿಂತ ಮ್ಯಾಲೆ ಕರಲು ಮಣ್ಣು. ಒಂದೊಂದು ಪದರಕ್ಕ ಒಂದೊಂದು ಕೆಲಸ. ಸೊಪ್ಪು ಮಣ್ಣನ್ನ ಕೆಳಗ ಉದುರದಂಗ ತಡೀತಿತ್ತು, ಗೆದ್ದಲನ್ನೂ ಒಂದಿಷ್ಟು ದೂರ ಇಡ್ತಿತ್ತು. ನಡುವಿನ ಮಣ್ಣು ಬಿಸಿಲಿನ ಕಾವನ್ನ ಕೆಳಗ ಇಳಿಯಾಕ ಬಿಡ್ತಿರಲಿಲ್ಲ. ನೀರು ತಡಿಯೋದು ಕರಲು.

ಒಡತಿ: ಕರಲು ನೀರು ತಡೆಯೋದು ಹೇಗೆ ಅಂತ ನಾನು ಹೇಳ್ತೀನಿ ಕೇಳಿ, ಬಿ.ಎಸ್ಸಿ. ಓದಿದ್ದಕ್ಕೆ ಇಲ್ಲಾದರೂ ಪ್ರಯೋಜನ ಆಗಲಿ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು, ಉಬ್ಬಿ, ಸಂದುಗಳಲ್ಲೆಲ್ಲ ಕೂತುಬಿಡ್ತವೆ. ಮೇಲಿನ ಪದರ ನೆನೆದು ಮುಚ್ಚಿಕೊಂಡ ಮೇಲೆ ಉಳಿದ ನೀರು ಹರಿದು ಹೋಗಲೇಬೇಕು. ಹೊಲಕ್ಕೆ ಅದೇ ಶಾಪ. ನೀರು ಇಂಗೋದಿಲ್ಲ, ಬೇರು ಉಸಿರಾಡೋದಿಲ್ಲ.

ಮೇಸ್ತ್ರಿ: ಹೌದ್ರಿ, ರೈತಗ ಶನಿ, ಮಾಳಿಗೆಗೆ ಬಂಗಾರ. ಅದರ ಮ್ಯಾಲೆ ಹುಲ್ಲೂ ಬೆಳೆಯಲ್ಲ, ಬೇರು ಇಳಿದು ತೂತು ಮಾಡೋ ಭಯ ಇಲ್ಲ. ಈಗ ನೋಡ್ರಿ, ಕಾಲುವೆ ನೀರು ಬಂದ ಮ್ಯಾಲೆ ಕಂಪ್ಲಿ, ಸಿರುಗುಪ್ಪ ಕಡೆ ಎಷ್ಟೋ ಗದ್ದೆ ಸವುಳಾಗಿ ಕುಂತಾವ. ಕರಲಿಗೆ ಬರ ಇಲ್ಲ. ಮಾಳಿಗೆ ಹಾಕೋರೇ ಇಲ್ಲ.

ಒಡತಿ: ಅವು ಬೀಳ್ತವೆ ಅಂತ ತಾನೆ ಬಿಟ್ಟರು? ಮಳೆ ಜೋರಾದ ವರ್ಷ ಮಣ್ಣಿನ ಮಾಳಿಗೆ ಕುಸಿದು ಜನ ಸತ್ತ ಸುದ್ದಿ ಪತ್ರಿಕೆಯಲ್ಲಿ ಬರೋದು ತಪ್ಪೋದಿಲ್ಲ.

ಮೇಸ್ತ್ರಿ: ಬೀಳೋದು ಎರಡು ಕಾರಣಕ್ಕ. ವರ್ಷಾ ಮಳೆಗಾಲದ ಮೊದಲು ಮ್ಯಾಲೆ ಹತ್ತಿ ಹೊಸ ಕರಲು ಹಾಕಿ ಕೊಡತಿಯಾಗ ಬಡೀಬೇಕು. ಬಡಿಯೋ ಮೊದಲು ಹಳೇದನ್ನ ಅಷ್ಟು ಕೆರೆದು ತೆಗೀಬೇಕು. ತೆಗಿಯೋ ಕಷ್ಟ ಯಾರಿಗೆ ಬೇಕು? ಹಾಕ್ತಾ ಹೋದ್ರು, ಗೇಣಿದ್ದದ್ದು ಮೊಳ ಆತು. ಒಣಗಿದಾಗ ತಡದಿದ್ದ ಜಂತಿ ನೆನೆದ ಮಣ್ಣಿನ ಭಾರಕ್ಕ ಮುರೀತು. ಎರಡನೇದು, ಗೋಡೆ ಒಳಗ ಸೇರಿರೋ ತೊಲೆ ತುದಿ. ದೋಣಿ ಬಾಯಿ ಕಟ್ಟಿದ್ರ ನೀರು ಗೋಡೆಗೆ ಇಳಿದು ಆ ತುದಿ ಕೊಳೀತೈತಿ. ಹೊರಗ ಕಾಣಲ್ಲ. ಇವೆರಡನ್ನೂ ಯಾಕ ಹೇಳಿದೆ ಅಂದ್ರ, ನಿಮ್ಮ ಆರ್‌ಸಿಸಿಗೂ ಇವೇ ಎರಡು ರೋಗ.

ಒಡತಿ: ಕಬ್ಬಿಣ, ಸಿಮೆಂಟಿಗೂ?

ಮೇಸ್ತ್ರಿ: ಇಲ್ಲಿ ಕುಟ್ಟಿ ನೋಡ್ತೀನಿ ನಿಲ್ರಿ. ಟೊಳ್ಳು ಸದ್ದು ಬಂತಲ್ಲ? ಸ್ಲ್ಯಾಬಿನ ಮ್ಯಾಲೆ ಮೊದಲು ಇಟ್ಟಿಗೆ ಚೂರಿನ ಹಾಸು ಐತಿ. ಸೋರಿದ್ದಕ್ಕ ಅದರ ಮ್ಯಾಲೆ ಯಾರೋ ಇನ್ನೊಂದು ಹಾಸು ಹಾಕಿದಾರ. ಆಮೇಲೆ ಕೆಮಿಕಲ್ ಅಂತ ಒಂದು ಗಾರೆ. ಇಟ್ಟಿಗೆ ಹಾಸು 10 ಸೆಂಟಿಮೀಟರ್ ದಪ್ಪ ಇದ್ರ ಚದರ ಮೀಟರಿಗೆ 200 ಕಿಲೋ ಹತ್ತಿರ ತೂಗ್ತೈತಿ. ಜನ ಓಡಾಡೋ ತಾರಸಿಗೆ ಜನ, ಸಾಮಾನಿನ ಭಾರ ಅಂತ ಇಂಜಿನಿಯರು ಹಿಡಿಯೋದು ಚದರ ಮೀಟರಿಗೆ 150 ಕಿಲೋ. ಗಾರೆಗೆ ಬ್ಯಾರೆ ಲೆಕ್ಕ ಇಟ್ಟಿರ್ತಾರ ನಿಜ, ಒಂದು ಹಾಸಿಗೆ. ಎರಡನೇದಕ್ಕ ಯಾರೂ ಇಟ್ಟಿರಲ್ಲ. ಮೂರನೆಯವನು ಹಳೇದೆಲ್ಲ ಕೀಳಬೇಕು ಅಂದದ್ದು ದುಡ್ಡು ಹೊಡಿಯಾಕ ಅಂತ ತಿಳೀಬ್ಯಾಡ್ರಿ. ಅದೊಂದು ಮಾತಿಗೆ ಅವನು ಕೆಲಸ ಬಲ್ಲವ ಅಂತ ನನಗ ಗೊತ್ತಾತು.

ಒಡತಿ: ಹಂಪಿಯಲ್ಲಿ ಇಷ್ಟೆಲ್ಲ ತಲೆನೋವು ಇಲ್ಲ ನೋಡಿ. ಕಲ್ಲಿನ ಕಂಬ, ಕಲ್ಲಿನ ತೊಲೆ, ಕಲ್ಲಿನ ಚಪ್ಪಡಿ. ಐನೂರು ವರ್ಷವಾದರೂ ನಿಂತಿದೆ.

ಮೇಸ್ತ್ರಿ: ಎಲ್ರೂ ಕೆಳಗಿಂದ ನೋಡ್ತಾರ ಅಮ್ಮಾರ, ಅದಕ್ಕ ಹಂಗ ಕಾಣ್ತೈತಿ. ನಾನು ಹುಡುಗ ಇದ್ದಾಗ ಪುರಾತತ್ವ ಇಲಾಖೆ ಕೆಲಸಕ್ಕ ಕೂಲಿ ಹೋಗ್ತಿದ್ದೆ, ಇಟ್ಟಿಗೆ ಕುಟ್ಟಾಕ. ಮ್ಯಾಲೆ ಹತ್ತಿ ನೋಡೀನಿ. ಚಪ್ಪಡಿ ಎಷ್ಟೇ ಗಟ್ಟಿ ಇರಲಿ, ಎರಡು ಚಪ್ಪಡಿ ನಡುವೆ ಸಂದು ಇದ್ದೇ ಇರ್ತೈತಿ. ಬರೀ ಕಲ್ಲು ಹಾಸಿದ್ರ ಅದು ಜರಡಿನೇ. ಅದಕ್ಕ ಚಪ್ಪಡಿ ಮ್ಯಾಲೆ ಇಟ್ಟಿಗೆ ಚೂರು, ಸುಣ್ಣ ಕೂಡಿಸಿ ದಪ್ಪ ಗಚ್ಚು ಹಾಕಿ, ನೀರು ಹರಿಯಂಗ ವಾಟ ಕೊಟ್ಟು, ಮ್ಯಾಲೆ ನುಣ್ಣಗ ಸುಣ್ಣದ ಗಾರೆ ತಿಕ್ಕಿದಾರ. ಕೆಳಗಿಂದ ನೋಡಿದ್ರ ಕಲ್ಲಿನ ಗುಡಿ. ಮಳೆ ತಡಿಯೋದು ಮಾತ್ರ ಇಟ್ಟಿಗೆ, ಸುಣ್ಣ. ಸುಣ್ಣಕ್ಕ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ದಿನಗಟ್ಟಲೆ ಕೊಳೆಸಿ ಕುಟ್ಟಬೇಕು. ಅವಸರದವರಿಗೆ ಬರೋ ಕೆಲಸ ಅಲ್ಲ.

ಒಡತಿ: ಸಿಮೆಂಟು ಅದಕ್ಕಿಂತ ಗಟ್ಟಿ ಅಲ್ಲವೇ?

ಮೇಸ್ತ್ರಿ: ಗಟ್ಟಿ ಇರೋದೇ ಕೇಡು. ಸಿಮೆಂಟು ಸೀಳಿದ್ರ ಒಂದೇ ಉದ್ದ ಸೀಳು, ಅದು ಮತ್ತ ಕೂಡಲ್ಲ. ಸುಣ್ಣ ಮೆತ್ತಗ, ಜಗ್ಗಿದ್ರ ಒಂದಿಷ್ಟು ಬರ್ತೈತಿ. ಕೂದಲೆಳೆ ಬಿರುಕು ಬಿಟ್ರೂ ಮಳೆ ನೀರಿನಾಗ ಸುಣ್ಣ ಕರಗಿ ಬಂದು ಅದೇ ಬಿರುಕಿನಾಗ ಗಟ್ಟಿಯಾಗಿ ಮುಚ್ಕಂತೈತಿ. ತುಂಗಭದ್ರಾ ಡ್ಯಾಮಿಗೂ ಸುರ್ಕಿ ಗಾರೆನೇ ಹಾಕಿದ್ರು. ಇಟ್ಟಿಗೆ ಪುಡಿ, ಸುಣ್ಣ. 1953ರಿಂದ ನೀರು ನಿಂತೈತಿ.

ಒಡತಿ: ಸಾಲು ಮಂಟಪ ಬಿತ್ತಲ್ಲ, 2024ರ ಮೇ ತಿಂಗಳ ಮಳೆಗೆ? ವಿರೂಪಾಕ್ಷನ ಗುಡಿ ಮುಂದೆ, ರಥಬೀದಿಯಲ್ಲಿ. ನಮ್ಮ ಲಾಡ್ಜಿನಲ್ಲಿ ಇಳಿದಿದ್ದ ಗಿರಾಕಿಗಳು ಫೋಟೋ ತಂದು ತೋರಿಸಿದ್ದರು.

ಮೇಸ್ತ್ರಿ: ಒಂದು ಭಾಗ ಬಿತ್ರಿ. ಅದಕ್ಕ ಇದೇ ಕಾರಣ ಅಂತ ನಾನು ಹೇಳಲ್ಲ. ಕಂಬದ ಬುಡ, ತಳಪಾಯ, ನೂರು ಇರ್ತಾವ. ಆದ್ರ ಗಚ್ಚು ಹೋದ ಮಂಟಪದಾಗ ನೀರು ಚಪ್ಪಡಿ ಸಂದಿನಾಗ ಇಳಿದು, ತೊಲೆ ಕೂತ ಕಡೆ, ಕಂಬದ ಬುಡಕ್ಕ, ಎಲ್ಲಾ ಕಡೆ ಹೋಗ್ತೈತಿ. ಆ ಸಾಲು ಮಂಟಪ ನಿಮ್ಮ ಊರಿನ ಹಳೇ ಶಾಪಿಂಗ್ ಕಾಂಪ್ಲೆಕ್ಸ್ ಅನ್ರಿ. ವಿರೂಪಾಕ್ಷ ಬಜಾರ, ಕೃಷ್ಣ ಬಜಾರ, ವಿಠ್ಠಲ ಬಜಾರ, ಎಲ್ಲಾ ಚಪ್ಪಟೆ ಮಾಳಿಗೆ. ಗುಡಿಗೆ ಗೋಪುರ ಐತಿ, ಆನೆ ಲಾಯದ ಹನ್ನೊಂದು ಕೋಣೆಗೂ ಗುಮ್ಮಟ ಅದಾವ. ಗುಮ್ಮಟಕ್ಕ ವಾಟ ಹುಟ್ಟಿನಿಂದಾನೇ ಬಂದಿರ್ತೈತಿ, ನೀರು ನಿಲ್ಲಲ್ಲ. ಅಂಗಡಿ ಸಾಲಿಗೆ ಆ ಭಾಗ್ಯ ಇಲ್ಲ.

ಒಡತಿ: 2011ರವರೆಗೆ ಆ ಬಜಾರದ ಮಂಟಪಗಳಲ್ಲಿ ಅಂಗಡಿ, ಮನೆಗಳಿದ್ದವು. ಆಮೇಲೆ ತೆರವು ಮಾಡಿಸಿದರು. ಆ ಸರಿ ತಪ್ಪಿನ ವಾದ ಬೇರೆ. ಆದರೆ ಕೆಳಗೆ ಸಂಸಾರ ಇದ್ದರೆ ಹನಿ ತಲೆ ಮೇಲೆ ಬೀಳ್ತದೆ, ಗೊತ್ತಾಗ್ತದೆ. ಖಾಲಿ ಮಂಟಪದಲ್ಲಿ ಸೋರಿದ್ದು ಯಾರಿಗೆ ಗೊತ್ತು?

ಮೇಸ್ತ್ರಿ: ಕಲ್ಲಿಗಿಂತ ದೊಡ್ಡ ಚಿಂತಿ ಬಣ್ಣದ್ದು. ವಿರೂಪಾಕ್ಷನ ರಂಗಮಂಟಪದ ಒಳಮಾಡು ನೋಡೀರಲ್ಲ? ಗಿರಿಜಾ ಕಲ್ಯಾಣ, ವಿದ್ಯಾರಣ್ಯರ ಪಲ್ಲಕ್ಕಿ. ಚಪ್ಪಡಿಗೆ ಕೆಳಗಿಂದ ಗಾರೆ ಬಳಿದು ಬರೆದ ಚಿತ್ರ. ಮಂಟಪ 1510ರದ್ದು, ಕೃಷ್ಣದೇವರಾಯ ಪಟ್ಟಕ್ಕ ಬಂದ ಹೊಸದರಾಗ ಕಟ್ಟಿಸಿದ್ದು. ಮ್ಯಾಲೆ ಗಚ್ಚಿನಾಗ ಒಂದು ಬಿರುಕು ಬಿಟ್ರ ಕೆಳಗ ಒಂದು ದೇವರ ಮುಖ ಹೋತು. ಪ್ರವಾಸಿಗರು ಕತ್ತೆತ್ತಿ ಚಿತ್ರ ನೋಡ್ತಾರ. ಚಿತ್ರ ಉಳಿದಿರೋದು ಅದರ ಮ್ಯಾಲಿನ ಮಾಳಿಗೆಯಿಂದ, ಅದನ್ನ ಯಾರೂ ನೋಡಲ್ಲ.

ಒಡತಿ: ಸರಿ ಅಣ್ಣ, ನನ್ನ ಲಾಡ್ಜಿಗೆ ಬನ್ನಿ. ಬೆಲ್ಲ, ಅಳಲೆಕಾಯಿ ಹಾಕಿ ಕೊಳೆಸೋ ಅಷ್ಟು ದಿನ ನನ್ನ ಹತ್ತಿರ ಇಲ್ಲ. ಡಾಂಬರಿನ ಪದರವನ್ನೇ ಹಾಕಿದರೆ ಹೇಗೆ ಹಾಕಬೇಕು?

ಮೇಸ್ತ್ರಿ: ಸರ್ಕಾರಿ ಎಸ್ಟಿಮೇಟಿನಾಗ ನಾಲ್ಕು ಪದರದ್ದು, ಆರು ಪದರದ್ದು ಅಂತ ಇರ್ತಿತ್ತು. ನಾಲ್ಕು ಪದರ ಅಂದ್ರ ಮೊದಲು ಕಾಸಿದ ಡಾಂಬರು, ಚದರ ಮೀಟರಿಗೆ 1.45 ಕಿಲೋ. ಎರಡನೇದು ಫೆಲ್ಟು, ಅಂದ್ರ ಗೋಣಿತಟ್ಟನ್ನ ಡಾಂಬರಿನಾಗ ಅದ್ದಿ ಮಾಡಿದ ಹಾಸು. ಮೂರನೇದು ಮತ್ತ ಕಾಸಿದ ಡಾಂಬರು, ಅಷ್ಟೇ ತೂಕ. ನಾಲ್ಕನೇದು 6 ಮಿಲಿಮೀಟರಿನ ಸಣ್ಣ ಜಲ್ಲಿ. ಆರು ಪದರದಾಗ ಫೆಲ್ಟು ಎರಡು ಸಲ ಬರ್ತೈತಿ. ಒಂದನ್ನ ನೆನಪಿಡ್ರಿ. ಜಲ್ಲಿನೂ ಎಣಿಕೆಯಾಗ ಒಂದು ಪದರ. ಬರೆದವರು ದಡ್ಡರಲ್ಲ. ಬಿಸಿಲು ಡಾಂಬರನ್ನ ಮುಟ್ಟಬಾರದು ಅಂತ ಜಲ್ಲಿ. ನಮ್ಮೂರಿನ ಗುತ್ತಿಗೆದಾರರು ಮೊದಲು ಹೊಡೆಯೋದು ಅದನ್ನೇ, ಯಾಕಂದ್ರ ಅದಿಲ್ಲದಿದ್ರೂ ಮೊದಲ ಮಳೆಗಾಲದಾಗ ಸೋರಲ್ಲ. ಬಿಲ್ ಪಾಸ್ ಆಗ್ತೈತಿ.

ಒಡತಿ: ಡಾಂಬರು ಅಂದರೆ ರಸ್ತೆಗೆ ಹಾಕೋದೇ ತಾನೆ? ನಮ್ಮ ಎದುರಿನ ಕಟ್ಟಡದವರು ರಸ್ತೆ ಕೆಲಸದವರ ಹತ್ತಿರ ಉಳಿದದ್ದನ್ನು ಅಗ್ಗಕ್ಕೆ ಕೊಂಡು ಬಳಿಸಿದರು.

ಮೇಸ್ತ್ರಿ: ಬ್ಯಾಸಿಗಿಯಾಗ ಅದು ಗೋಡೆ ಮ್ಯಾಲೆ ಇಳಿದಿರಬೇಕಲ್ಲ?

ಒಡತಿ: ಇಳಿದಿತ್ತು. ಬಿಳಿ ಗೋಡೆ ಮೇಲೆ ಕರಿ ಗೀರು.

ಮೇಸ್ತ್ರಿ: ರಸ್ತೆ ಡಾಂಬರು 50 ಡಿಗ್ರಿ ಆಸುಪಾಸಿನಾಗೇ ಮೆತ್ತಗಾಗ್ತೈತಿ. ತಾರಸಿ 60, 70 ಮುಟ್ಟೋ ಊರಾಗ ಅದು ನಿಲ್ತೈತೇನು? ಮಾಳಿಗೆಗೆ ಬ್ಯಾರೆ ಐತಿ. ಬಿಸಿ ಡಾಂಬರಿನಾಗ ಗಾಳಿ ಊದಿ ಗಟ್ಟಿ ಮಾಡಿದ್ದು. 85/25, 90/15 ಅಂತ ಅದರ ಮ್ಯಾಲೆ ಬರೆದಿರ್ತೈತಿ. ಮೊದಲನೇ ಅಂಕಿ ಮೆತ್ತಗಾಗೋ ಕಾವು. 85 ಡಿಗ್ರಿವರೆಗೂ ಅದು ಜಾಗ ಬಿಡಲ್ಲ. ಎರಡನೇ ಅಂಕಿ ಸೂಜಿ ಎಷ್ಟು ಇಳೀತೈತಿ ಅನ್ನೋದು. ತರೋ ಹುಡುಗ ಅಂಕಿ ಓದಿ ತಂದ್ರ ಅರ್ಧ ಗೆದ್ದಂಗ.

ಒಡತಿ: ಇನ್ನರ್ಧ?

ಮೇಸ್ತ್ರಿ: ಒಣ ಸ್ಲ್ಯಾಬು. ನೀರಿನ ಪಸೆ ಒಳಗ ಇಟ್ಟು ಮ್ಯಾಲೆ ಡಾಂಬರು ಮುಚ್ಚಿದ್ರ, ಬ್ಯಾಸಿಗಿಗೆ ಅದು ಆವಿಯಾಗಿ ಫೆಲ್ಟನ್ನ ಬೊಬ್ಬೆ ಎಬ್ಬಿಸ್ತೈತಿ. ಆ ಬೊಬ್ಬೆ ಮ್ಯಾಲೆ ಯಾರೋ ಕಾಲಿಟ್ರು, ಒಡೀತು, ಅಲ್ಲಿಗೆ ಮುಗೀತು. ಅದಕ್ಕ ಈ ಕೆಲಸಕ್ಕ ಈಗಿನ ಎರಡು ತಿಂಗಳೇ ಸರಿ. ಮಳೆ ಬಂದ ಮ್ಯಾಲೆ ಓಡಿ ಬಂದು ಅವಸರ ಮಾಡೋರ ಕೆಲಸ ನಾನು ಹಿಡಿಯಲ್ಲ. ಆಮೇಲೆ ವಾಟ. 100ಕ್ಕ 1 ಆದ್ರೂ ಇರಬೇಕು. ಅಂದ್ರ 10 ಮೀಟರಿಗೆ 10 ಸೆಂಟಿಮೀಟರ್ ಇಳಿಜಾರು. ಆ ಮೂಲೆ ನೋಡ್ರಿ, ಕೆಸರು ಒಣಗಿದ ಉಂಗುರ ಕಾಣ್ತೈತಲ್ಲ? ಅಲ್ಲಿ ನೀರು ನಿಲ್ತೈತಿ. ಯಾವ ಶೀಟೂ ನಿಂತ ನೀರಿಗೆ ಬಾಳಲ್ಲ.

ಒಡತಿ: ಫೆಲ್ಟು ಹಾಸುವಾಗ ನಾನು ಏನು ನೋಡಬೇಕು? ನೀವು ದಿನವೂ ಇರೋದಿಲ್ಲ.

ಮೇಸ್ತ್ರಿ: ತಗ್ಗಿನ ಕಡೆಯಿಂದ ಹಾಸ್ತಾ ಎತ್ತರಕ್ಕ ಹೋಗಬೇಕು. ಮ್ಯಾಲಿನ ಹಾಸು ಕೆಳಗಿನದರ ಮ್ಯಾಲೆ ಕೂಡಬೇಕು, ಪಕ್ಕದಾಗ 75 ಮಿಲಿಮೀಟರ್, ತುದಿಯಾಗ 100. ಪ್ಯಾರಾಪೆಟ್ ಗೋಡೆ ಸೇರೋ ಮೂಲೆನ ಗುಂಡಗ ತಿದ್ದಬೇಕು, ಚೂಪು ಮೂಲೆಯಾಗ ಫೆಲ್ಟು ಮುರೀತೈತಿ. ಗೋಡೆ ಮ್ಯಾಲೆ 15 ಸೆಂಟಿಮೀಟರ್ ಹತ್ತಿಸಿ, ಅಲ್ಲಿ ಗೋಡೆ ಕೊರೆದು ತುದಿನ ಒಳಗ ಸೇರಿಸಿ ಗಾರೆ ಮುಚ್ಚಬೇಕು. ಸೋರೋ ಮಾಳಿಗೆಯಾಗ ಬಹಳ ಸಲ ನಡುವಿನ ಜಾಗ ಚಲೋನೇ ಇರ್ತೈತಿ. ಸೋರೋದು ಅಂಚಿನಾಗ, ಪೈಪಿನ ಬಾಯಾಗ, ತೂತಿನಾಗ. ನಿಮ್ಮ ತಾರಸಿಯಾಗ ತೂತು ಎಷ್ಟು ಅದಾವ ಎಣಿಸೀರೇನು? ಡಿಶ್ಶಿಗೆ ನಾಲ್ಕು ಬೋಲ್ಟು. ಸೋಲಾರಿಗೆ ಎಂಟು. ಎ.ಸಿ. ಪೆಟ್ಟಿಗೆಗೆ. ಬೋರ್ಡಿಗೆ. ಬ್ಯಾನರ್ ಕಟ್ಟಾಕ ಯಾರೋ ಮೊಳೆ ಹೊಡದಾರ.

ಒಡತಿ: ಅವೆಲ್ಲ ಬೇಕಲ್ಲ ಅಣ್ಣ, ವ್ಯಾಪಾರ.

ಮೇಸ್ತ್ರಿ: ಬೇಕು. ಸಣ್ಣ ಕಟ್ಟೆ ಕಟ್ಟಿ, ಫೆಲ್ಟನ್ನ ಕಟ್ಟೆಗೆ ಹತ್ತಿಸಿ, ಬೋಲ್ಟು ಕಟ್ಟೆ ತಲೆ ಮ್ಯಾಲೆ ಹಾಕ್ರಿ. ಸ್ಲ್ಯಾಬಿಗೆ ಹಾಕಬ್ಯಾಡ್ರಿ. ಮುಂದ ಮ್ಯಾಲೆ ಹೋಟೆಲ್ ಮಾಡ್ತೀನಿ ಅಂತೀರೇನು, ಹಂಪಿ ಕಡೆಯವರಂಗ? ಹಂಗಾದ್ರ ಜಲ್ಲಿ ಬ್ಯಾಡ, ಕುರ್ಚಿ ಕಾಲಿಗೆ ಜಲ್ಲಿ ಒತ್ತಿ ಫೆಲ್ಟು ತೂತಾಗ್ತೈತಿ. ಅಂಥಲ್ಲಿ ಬಿಳಿ ಬಿಲ್ಲೆ ಹಾಸಬೇಕು.

ಒಡತಿ: ಇಷ್ಟೆಲ್ಲ ಕೇಳಿದ ಮೇಲೆ ತಗಡೇ ಸಲೀಸು ಅನ್ನಿಸ್ತದೆ. ಒಂದು ಸಲ ಮೇಲೆ ನೆರಳು ಮಾಡಿದರೆ ಬಿಸಿಲೂ ಇಲ್ಲ, ನೀರೂ ಇಲ್ಲ. ನಿಮ್ಮ ಮಾತಿನ ಪ್ರಕಾರವೇ ಅದೇ ಒಳ್ಳೇ ಪದರ.

ಮೇಸ್ತ್ರಿ: ಆ ಮಾತು ತೆಗೆದು ಹಾಕಾಕ ಬರಲ್ಲ. ತಗಡು ನೆರಳು ಕೊಡ್ತೈತಿ, ಖರೆ. ಕಂಪ್ಲಿ ಅಕ್ಕಿ ಗಿರಣಿಯವರು ಹಾಕ್ತಾರ, ಅವರಿಗೆ ಕಂಬ ಇಲ್ಲದ ದೊಡ್ಡ ಜಾಗ ಬೇಕು, ಅಲ್ಲಿ ಅದೇ ಸರಿ. ಲಾಡ್ಜಿನ ಮೂರನೇ ಅಂತಸ್ತಿನ ತಲೆ ಮ್ಯಾಲೆ ಸಣ್ಣ ಪೈಪಿನ ಕಾಲು ನಿಲ್ಲಿಸಿದ್ರ ಮೇ ತಿಂಗಳ ಗಾಳಿ ಒಳಗ ಹೊಕ್ಕು ಕೆಳಗಿಂದ ಎತ್ತತೈತಿ. ಹಾರಿ ಬಂದ ತಗಡು ಕೆಳಗ ರಸ್ತೆಯಾಗ ಯಾರ ಮ್ಯಾಲೆ ಬೀಳ್ತೈತೋ. ಆ ಕಾಲು ನಿಲ್ಲಿಸಾಕ ಮತ್ತ ಸ್ಲ್ಯಾಬಿಗೆ ತೂತು. ಮ್ಯಾಲೆ ತಗಡು ಬಂದ ಮ್ಯಾಲೆ ಕೆಳಗಿನ ತಾರಸಿನ ಯಾರೂ ನೋಡಲ್ಲ, ಹಳೇ ಮಂಚ, ಹಾಸಿಗೆ ತುಂಬ್ತಾರ. ಇನ್ನ ನಗರಸಭೆಯವರು ಅದನ್ನ ಇನ್ನೊಂದು ಅಂತಸ್ತು ಅಂತ ಕೇಳಿದ್ರ ನಾನು ಉತ್ತರ ಕೊಡಲ್ಲ, ನೀವೇ ಕೊಡಬೇಕು.

ಒಡತಿ: ಬಿಳಿ ಬಣ್ಣ ಬಳಿದರೆ? ಈಗ ಕೂಲ್ ರೂಫ್ ಪೇಂಟ್ ಅಂತ ಎಲ್ಲಾ ಅಂಗಡಿಯಲ್ಲೂ ಸಿಗ್ತದೆ.

ಮೇಸ್ತ್ರಿ: ಹೊಸಪೇಟೆಯಾಗ ಚಲೋ. ನಮ್ಮ ಹಿರೇರು ಯುಗಾದಿಗೆ ಸುಣ್ಣ ಹಾಕ್ತಿದ್ದದ್ದೂ ಅದೇ ಕೆಲಸ. ಸಂಡೂರಾಗ ಹಾಕಿದ್ರ? ಅದಿರಿನ ದೂಳು ಕೂತು ಒಂದೇ ಬ್ಯಾಸಿಗಿಗೆ ಕೆಂಪಾಗ್ತೈತಿ. ಬಿಳಿ ಇದ್ದರಷ್ಟೇ ಬಿಸಿಲನ್ನ ವಾಪಸ್ ಕಳಿಸ್ತೈತಿ. ಗಣಿ ಲಾರಿ ಭರಾಟೆ ಇದ್ದ ದಿನದಾಗ, 2011ರಾಗ ಸುಪ್ರೀಂ ಕೋರ್ಟು ನಿಲ್ಲಿಸೋ ಮೊದಲು, ಸಂಡೂರು ರಸ್ತೆ ಬದಿ ಮನೆಗಳ ಮಾಳಿಗೆ ಮ್ಯಾಲೆ ಕೆಂಪು ದೂಳು ಗುಡ್ಡೆ ಹಾಕಬೇಕು ಅಷ್ಟು ಕೂಡ್ತಿತ್ತು. ಮೊದಲ ಮಳೆಗೆ ಆ ದೂಳೆಲ್ಲ ಪೈಪಿನ ಬಾಯಿಗೆ. ಕಂಪ್ಲಿಯಾಗ ಅದೇ ಕೆಲಸ ಗಿರಣಿ ಹೊಟ್ಟಿನ ಬೂದಿ ಮಾಡ್ತೈತಿ. ನೀರು ಹೋಗಾಕ ದಾರಿ ಇಲ್ಲ ಅಂದ್ರ ತಾರಸಿ ಕೆರೆ ಆಗ್ತೈತಿ. ಅಂಥ ಊರಾಗ ಬಣ್ಣಕ್ಕಿಂತ ಜಲ್ಲಿ ಬಾಳ್ತೈತಿ, ಆದ್ರ ಮಳೆ ಮುಂಚೆ ಪೈಪಿನ ಬಾಯಿ ಬಳಿಯಾಕ ಒಬ್ಬ ಮನುಷ್ಯ ಬೇಕು.

ಒಡತಿ: ಬಿಸಿಲು ತಡೆದರೆ ಕೆಳಗಿನ ಕೋಣೆಗಳೂ ತಂಪಾಗ್ತವೆ ತಾನೆ? ಮೇಲಿನ ಅಂತಸ್ತಿನಲ್ಲಿ ರಾತ್ರಿ ಹನ್ನೊಂದಕ್ಕೂ ಛಾವಣಿ ಕಾವು ಬಿಡ್ತಿರ್ತದೆ. ಎ.ಸಿ. ಎಷ್ಟು ಓಡಿಸಿದರೂ ಗಿರಾಕಿಗಳು ಕೆಳಗಿನ ಕೋಣೆ ಕೇಳ್ತಾರೆ.

ಮೇಸ್ತ್ರಿ: ಈಗ ಸರಿಯಾದ ಲೆಕ್ಕಕ್ಕ ಬಂದ್ರಿ. ಸೋರೋದು ನಿಮಗ ವರ್ಷದಾಗ ಕೆಲವು ದಿನದ ನಷ್ಟ. ಕಾವು ನಾಕು ತಿಂಗಳ ನಷ್ಟ, ಕರೆಂಟ್ ಬಿಲ್ಲಿನಾಗ. ಎರಡಕ್ಕೂ ಔಷಧ ಒಂದೇ ಪದರದಾಗ ಐತಿ, ಎಲ್ಲಕ್ಕಿಂತ ಮ್ಯಾಲಿಂದು. ಮೂರನೆಯವನ ಪಟ್ಟಿಯಾಗ ಅದೈತೇನು ನೋಡ್ರಿ.

ಒಡತಿ: ಇದೆ. ಹಳೇ ಗಾರೆ ಕೀಳುವುದು. ಬಿರುಕು ತುಂಬುವುದು. ವಾಟಕ್ಕೆ ಹೊಸ ಹಾಸು, ಒಂದೇ. ಪ್ರೈಮರ್. ಡಾಂಬರು 85/25. ಫೆಲ್ಟು ಎರಡು ಸಲ. ಜಲ್ಲಿ. ಆಮೇಲೆ, ಪೈಪ್ ಬಾಯಿ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ಪರೀಕ್ಷೆ. ಜಲ್ಲಿಯ ಬದಲು ಬಿಳಿ ಬಿಲ್ಲೆ ಬೇಕಾದರೆ ಬೇರೆ ದರ ಅಂತ ಬರೆದಿದ್ದಾನೆ. ಜಲ್ಲಿ ಬಿಟ್ಟರೆ ಎಷ್ಟು ಕಡಿಮೆ ಆಗ್ತದೆ ಅಂತ ಕೇಳೋಣ ಅಂದುಕೊಂಡಿದ್ದೆ.

ಮೇಸ್ತ್ರಿ: ನೀರು ನಿಲ್ಲಿಸೋ ಪರೀಕ್ಷೆ ಜಲ್ಲಿ ಹಾಕೋ ಮೊದಲು ಮಾಡಿಸ್ರಿ, ಆಮೇಲೆ ಸೋರಿದ ಜಾಗ ಹುಡುಕಾಕ ಆಗಲ್ಲ. ದುಡ್ಡು ಕಡಿಮೆ ಮಾಡಬೇಕಂದ್ರ ಫೆಲ್ಟು ಒಂದು ಸಲ ಸಾಕು ಅನ್ರಿ, ನಮ್ಮ ಮಳೆಗೆ ನಾಲ್ಕು ಪದರದಾಗೂ ನಡೀತೈತಿ. ಜಲ್ಲಿಯ ಸಾಲು ಹೊಡೆದು ಹಾಕ್ತೀರಿ ಅಂದ್ರ ಈ ಕೆಲಸನೇ ಮಾಡಿಸಬ್ಯಾಡ್ರಿ, ಬಕೆಟ್ ಕೊಂಡ್ರೆ ಅಗ್ಗ ಬೀಳ್ತೈತಿ.